ಊರು ಬಿಟ್ಟ ಬಣ್ಣದ ಗಾಜು

ಬಳೆಚೂರನ್ನು ಕಣ್ಣಿಗೆ ಹಿಡಿದು ಆಟವಾಡದ ಮಕ್ಕಳುಂಟೇ? ಕೆಂಪು ಚೂರು ಹಿಡಿದರೆ ಅಂಗಳದಾಚೆಯ ಅಡಿಕೆ ತೋಟವೆಲ್ಲ ಕೆಂಪು. ನೀಲಿ ಹಿಡಿದರೆ ಹಟ್ಟಿಯ ದನವೂ ನೀಲಿ. ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದು ಮಧ್ಯಾಹ್ನ ಬಿಡುವಿನ ವೇಳೆಯಲ್ಲಿ ಜಗಲಿಯ ಕಂಬಕ್ಕೆ ಒರಗಿ ಇದೇ ಆಟದಲ್ಲಿ ಮುಳುಗಿದ್ದಳು. ಕೈ ಕೊಯ್ದುಕೊಂಡಾಳೆಂದು ಗದರಿಸಲು ಹೋದೆ. ಅವಳೇ ನನ್ನನ್ನು ತಡೆದು ಕೇಳಿದಳು: "ಸರ್, ಇದನ್ನು ನೆಲದಲ್ಲಿಟ್ಟರೆ ಕಪ್ಪು ಕಾಣ್ತದೆ. ಎತ್ತಿ ಹಿಡಿದರೆ ಮಾತ್ರ ಬಣ್ಣ. ಅದು ಹೇಗೆ?"

"ಬೆಳಕು ಮೇಲೆ ಬಿದ್ದರೆ ಸಾಲದು ಮಗಳೇ, ಒಳಗಿಂದ ಹಾದು ಬರಬೇಕು" ಎಂದೆ. ಅಷ್ಟಕ್ಕೆ ಬಿಡುವ ಹುಡುಗಿಯಲ್ಲ ಅವಳು. ಮರುದಿನ ಚರಿತ್ರೆಯ ಪಾಠದ ನಡುವೆ ಇಡೀ ತರಗತಿಗೆ ಬಣ್ಣದ ಗಾಜಿನ ಕಥೆಯೊಂದನ್ನು ಹೇಳಬೇಕಾಯಿತು. ಜರ್ಮನಿಯ ಮಠವೊಂದರಲ್ಲಿ ಹುಟ್ಟಿ, ಇಂಗ್ಲೆಂಡಿನ ಶ್ರೀಮಂತರೊಬ್ಬರ ಮನೆಯ ಪ್ರಾರ್ಥನಾ ಮಂದಿರದಲ್ಲಿ ನೂರು ವರ್ಷ ಬಾಳಿ, ಕೊನೆಗೆ ಲಂಡನ್ನಿನ ವಸ್ತು ಸಂಗ್ರಹಾಲಯ ಸೇರಿದ ಗಾಜು ಅದು. ಅದೇ ಕಥೆಯನ್ನು ಓದುಗರ ಮುಂದೆಯೂ ಇಡುತ್ತಿದ್ದೇನೆ.

ಮರಳು, ಬೂದಿ, ಸೀಸ

ಯುರೋಪಿನ ಹಳೆಯ ಇಗರ್ಜಿಗಳ ಕಿಟಕಿಗಳಲ್ಲಿರುವುದು ಗಾಜಿನ ಮೇಲೆ ಬಣ್ಣ ಬಳಿದು ಬಿಡಿಸಿದ ಚಿತ್ರವೆಂದು ಬಹಳ ಮಂದಿಯ ತಿಳಿವಳಿಕೆ. ವಾಸ್ತವದಲ್ಲಿ ಮುಖ್ಯ ಬಣ್ಣಗಳೆಲ್ಲ ಗಾಜಿನ ಮೈಯೊಳಗೇ ಇರುತ್ತವೆ. ಹನ್ನೆರಡನೆಯ ಶತಮಾನದ ಆದಿಯಲ್ಲಿ ಥಿಯೋಫಿಲಸ್ ಎಂಬ ಹೆಸರಿಟ್ಟುಕೊಂಡ ಸನ್ಯಾಸಿಯೊಬ್ಬ ಈ ಕಸುಬನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬೀಚ್ ಮರದ ಬೂದಿ ಎರಡು ಪಾಲು, ಮರಳು ಒಂದು ಪಾಲು. ಎರಡನ್ನೂ ಕುಲುಮೆಯಲ್ಲಿ ಕರಗಿಸಿದರೆ ಗಾಜು. ಆ ಪಾಕಕ್ಕೆ ಕೋಬಾಲ್ಟ್ ಸೇರಿದರೆ ನೀಲಿ. ತಾಮ್ರ ಸೇರಿದರೆ ಉರಿಯ ಹದಕ್ಕೆ ತಕ್ಕಂತೆ ಹಸುರು ಅಥವಾ ಕೆಂಪು. ಕೆಂಪು ಗಾಜು ತೀರ ದಟ್ಟವಾದುದರಿಂದ ಬೆಳಕು ತೂರುವುದಿಲ್ಲ. ಅದಕ್ಕಾಗಿ ಬಿಳಿ ಗಾಜಿನ ಮೇಲೆ ಕೆಂಪಿನ ತೆಳು ಪದರವನ್ನು ಮಾತ್ರ ಹಿಡಿಸುವ ಉಪಾಯವನ್ನು ಕಂಡುಕೊಂಡರು.

ಸುಣ್ಣ ಬಳಿದ ಹಲಗೆಯ ಮೇಲೆ ಮೊದಲು ಚಿತ್ರದ ರೇಖೆ ಎಳೆಯುತ್ತಿದ್ದರು. ಅದರ ಮೇಲೆ ಗಾಜನ್ನಿಟ್ಟು, ಕಾದ ಕಬ್ಬಿಣದಿಂದ ಸೀಳಿ, ಅಂಚನ್ನು ಇಕ್ಕುಳದಂಥ ಉಪಕರಣದಿಂದ ಕಚ್ಚಿ ಕಚ್ಚಿ ಆಕಾರಕ್ಕೆ ತರುತ್ತಿದ್ದರು. ಕಣ್ಣು, ಮೂಗು, ಬಟ್ಟೆಯ ನೆರಿಗೆ ಇವುಗಳಿಗಷ್ಟೇ ಕುಂಚ ಬೇಕು. ಲೋಹದ ಪುಡಿ ಮತ್ತು ಗಾಜಿನ ಪುಡಿ ಕಲಸಿದ ಕಪ್ಪು ಬಣ್ಣದಿಂದ ಬರೆದು ಮತ್ತೆ ಸುಟ್ಟರೆ ಆ ಗೆರೆ ಗಾಜಿನೊಂದಿಗೆ ಒಂದಾಗುತ್ತದೆ. ಹದಿನಾಲ್ಕನೆಯ ಶತಮಾನದ ಆರಂಭದ ಹೊತ್ತಿಗೆ ಇನ್ನೊಂದು ಗುಟ್ಟು ತಿಳಿಯಿತು. ಬೆಳ್ಳಿಯ ಲವಣವನ್ನು ಗಾಜಿನ ಹಿಂಬದಿಗೆ ಹಚ್ಚಿ ಸುಟ್ಟರೆ ಚಿನ್ನದಂಥ ಹಳದಿ ಬರುತ್ತದೆ. ಅರಸನ ಕಿರೀಟ, ದೇವದೂತನ ಕೂದಲು, ಸಂತನ ತಲೆಯ ಪ್ರಭಾವಳಿ ಎಲ್ಲಕ್ಕೂ ಈ ಹಳದಿಯೇ. ಕೊನೆಗೆ ತುಂಡುಗಳನ್ನೆಲ್ಲ ಸೀಸದ ಪಟ್ಟಿಗಳ ನಡುವೆ ಸಿಕ್ಕಿಸಿ ಬೆಸುಗೆ ಹಾಕಿದರೆ ಚಿತ್ರ ಸಿದ್ಧ.

ಹಳೆಯ ಗಾಜು ಕೆಳಗೆ ದಪ್ಪ, ಮೇಲೆ ತೆಳು ಇರುವುದು ಕಂಡುಬಂದರೆ ಗಾಜು ಶತಮಾನಗಳಿಂದ ನಿಧಾನವಾಗಿ ಕೆಳಕ್ಕೆ ಹರಿದಿದೆ ಎನ್ನುವವರುಂಟು. ಇದು ಸರಿಯಲ್ಲ. ಆ ಕಾಲದಲ್ಲಿ ಬಾಯಿಯಿಂದ ಊದಿ ಮಾಡಿದ ಗಾಜು ಸಮದಪ್ಪವಾಗಿ ಬರುತ್ತಿರಲಿಲ್ಲ, ಅಷ್ಟೇ. ಗಾಜು ತಾನಾಗಿ ಕದಲುವುದಿಲ್ಲ. ಕದಲಿಸುವವರು ಮನುಷ್ಯರು.

ಸುತ್ತುಪೌಳಿಯ ಪುಸ್ತಕ

ಜರ್ಮನಿಯ ಕೊಲೋನ್ ನಗರದ ನೈಋತ್ಯಕ್ಕೆ ಐಫೆಲ್ ಎಂಬ ಗುಡ್ಡಗಾಡು ಸೀಮೆಯಿದೆ. ಅಲ್ಲಿ ಸ್ಟೈನ್‌ಫೆಲ್ಡ್ ಎಂಬಲ್ಲಿ ಪ್ರೆಮೋನ್‌ಸ್ಟ್ರಾಟೆನ್ಸಿಯನ್ ಪಂಥದ ಕ್ರೈಸ್ತ ಮಠವೊಂದಿತ್ತು. ಹೆರ್ಮನ್ ಯೋಸೆಫ್ ಎಂಬ ಸಂತನ ಸಮಾಧಿ ಇರುವುದು ಇಲ್ಲಿಯೇ. ಬಾಲಕನಾಗಿದ್ದಾಗ ಆತ ಮರಿಯಮ್ಮನ ಕೈಯಲ್ಲಿದ್ದ ಬಾಲಯೇಸುವಿನ ವಿಗ್ರಹಕ್ಕೆ ಸೇಬುಹಣ್ಣು ಕೊಟ್ಟನೆಂದು ಐತಿಹ್ಯ. ಅದರ ನೆನಪಿಗೆ ಭಕ್ತರು ಸಮಾಧಿಯ ಮೇಲೆ ಸೇಬುಹಣ್ಣು ಇಡುವ ರೂಢಿ ಈಗಲೂ ಇದೆ.

ನಮ್ಮ ದೇವಸ್ಥಾನಗಳ ಸುತ್ತುಪೌಳಿಯಂತೆ ಆ ಮಠದ ಒಳಾಂಗಣಕ್ಕೂ ನಾಲ್ಕು ಸುತ್ತಿನಲ್ಲಿ ಮಾಡಿನ ಪೌಳಿಯಿತ್ತು. ಸನ್ಯಾಸಿಗಳು ಇಗರ್ಜಿಗೆ ಹೋಗುವುದು, ಊಟಕ್ಕೆ ಬರುವುದು, ಜಪ ಮಾಡುತ್ತ ತಿರುಗುವುದು ಎಲ್ಲ ಇದರಲ್ಲೇ. 1520ರ ದಶಕದಲ್ಲಿ ಈ ಪೌಳಿಯ ಕಿಟಕಿಗಳಿಗೆ ಚಿತ್ರಗಾಜು ಕೂಡಿಸುವ ಕೆಲಸ ಆರಂಭವಾಯಿತು. ನಡುನಡುವೆ ನಿಂತು ಮುಂದುವರಿದು 1550ರ ದಶಕದಲ್ಲಿ ಮುಗಿಯಿತು. ಗೆರ್ಹಾರ್ಡ್ ರೆಮಿಶ್ ಎಂಬ ಗಾಜಿನ ಚಿತ್ರಗಾರನ ಹೆಸರು ಈ ಕೆಲಸದೊಂದಿಗೆ ಸೇರಿಕೊಂಡಿದೆ. ಯುರೋಪಿನ ಮಧ್ಯಯುಗ ಮುಗಿದು ಹೊಸ ಯುಗ ಕಣ್ಣುಬಿಡುತ್ತಿದ್ದ ಕಾಲವದು. ಬಿಡಿಸುವ ರೀತಿಯಲ್ಲಿ ಹೊಸತನ ಇಣುಕಿದರೂ ಕಸುಬು ಮಾತ್ರ ಮಧ್ಯಯುಗದ್ದೇ. ಚಿತ್ರಗಳ ಹಿಂದಿನ ಯೋಚನೆಯೂ ಮಧ್ಯಯುಗದ್ದೇ.

ಆ ಯೋಚನೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಒಡಂಬಡಿಕೆಯ ಪ್ರತಿಯೊಂದು ಘಟನೆಯೂ ಯೇಸುವಿನ ಜೀವನದ ಒಂದು ಘಟನೆಯ ಮುನ್ಸೂಚನೆಯೆಂದು ಆ ಕಾಲದ ಕ್ರೈಸ್ತ ಪಂಡಿತರು ತಿಳಿಯುತ್ತಿದ್ದರು. ಅಬ್ರಹಾಮನು ಮಗನಾದ ಇಸಾಕನನ್ನು ಬಲಿ ಕೊಡಲು ಸಿದ್ಧನಾದುದು ಶಿಲುಬೆಯ ಮುನ್ಸೂಚನೆ. ಪ್ರವಾದಿ ಯೋನನು ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದು ಹೊರಬಂದುದು ಯೇಸುವಿನ ಪುನರುತ್ಥಾನದ ಮುನ್ಸೂಚನೆ. ಹೀಗೆ ಹಳೆಯದನ್ನೂ ಹೊಸದನ್ನೂ ಜೋಡಿಯಾಗಿಟ್ಟು ಚಿತ್ರಿಸುವುದು ರೂಢಿ. ಸ್ಟೈನ್‌ಫೆಲ್ಡಿನ ಪೌಳಿಯಲ್ಲೂ, ಅದೇ ಸೀಮೆಯ ಮಾರಿಯಾವಾಲ್ಡ್ ಎಂಬ ಇನ್ನೊಂದು ಮಠದ ಪೌಳಿಯಲ್ಲೂ ಈ ಬಗೆಯ ಗಾಜುಗಳಿದ್ದವು. ಕಿಟಕಿಯಿಂದ ಕಿಟಕಿಗೆ ನಡೆಯುತ್ತ ಹೋದರೆ ಒಂದು ದೊಡ್ಡ ಪುಸ್ತಕವನ್ನು ಪುಟ ಮಗುಚಿ ಓದಿದಂತೆ. ಇಂಥ ಪುಸ್ತಕದಲ್ಲಿ ಯಾವ ಚಿತ್ರದ ಪಕ್ಕದಲ್ಲಿ ಯಾವ ಚಿತ್ರ ಎಂಬುದೇ ಮುಖ್ಯ. ಜೋಡಿ ತಪ್ಪಿಸಿದರೆ ಯೋನನ ಚಿತ್ರ ಬರಿಯ ಒಬ್ಬ ಮನುಷ್ಯ ಮತ್ತು ಒಂದು ದೊಡ್ಡ ಮೀನು.

ಬೀಗ ಬಿದ್ದ ಮಠ, ಬಾಗಿಲು ತೆರೆದ ಸಂತೆ

ಸ್ಟೈನ್‌ಫೆಲ್ಡಿನ ಗಾಜನ್ನು 1785ರಲ್ಲಿ ಕೊನೆಯ ಬಾರಿಗೆ ಕಿಟಕಿಗಳಿಂದ ಇಳಿಸಲಾಯಿತು. ನಾಲ್ಕೇ ವರ್ಷಗಳಲ್ಲಿ ಫ್ರಾನ್ಸಿನಲ್ಲಿ ಮಹಾಕ್ರಾಂತಿ. 1794ರಲ್ಲಿ ಫ್ರೆಂಚ್ ಸೈನ್ಯ ರೈನ್ ನದಿಯ ಪಶ್ಚಿಮ ದಡವನ್ನು ಆಕ್ರಮಿಸಿತು. 1802ರಲ್ಲಿ ಅಲ್ಲಿನ ಮಠಗಳನ್ನು ಮುಚ್ಚಿ ಆಸ್ತಿಯನ್ನು ಸರಕಾರಕ್ಕೆ ಸೇರಿಸಲಾಯಿತು. ಸನ್ಯಾಸಿಗಳು ಚದುರಿದರು. ಪುಸ್ತಕ, ಪಾತ್ರೆ, ವಿಗ್ರಹ, ಗಾಜು ಎಲ್ಲವೂ ಕೊಳ್ಳುವವರಿದ್ದರೆ ಮಾರಾಟದ ಸರಕಾಯಿತು.

ಕೊಳ್ಳುವವರು ಇದ್ದರು, ಅದೂ ಸಮುದ್ರದಾಚೆಯ ಇಂಗ್ಲೆಂಡಿನಲ್ಲಿ. ಇದಕ್ಕೂ ಒಂದು ಹಿನ್ನೆಲೆಯಿದೆ. ಇಂಗ್ಲೆಂಡು ತನ್ನ ಮಠಗಳನ್ನು ಎಂದೋ ಕಳೆದುಕೊಂಡಿತ್ತು. 1536ರಿಂದ 1540ರೊಳಗೆ ಎಂಟನೆಯ ಹೆನ್ರಿ ಅರಸನು ದೇಶದ ಮಠಗಳನ್ನೆಲ್ಲ ಮುಚ್ಚಿಸಿದ್ದನು. ನೂರು ವರ್ಷಗಳ ಅನಂತರ ಅಂತರ್ಯುದ್ಧದ ಕಾಲದಲ್ಲಿ, 1643 ಮತ್ತು 1644ರಲ್ಲಿ, ವಿಲಿಯಂ ಡೌಸಿಂಗ್ ಎಂಬಾತ ಅಧಿಕಾರಪತ್ರ ಹಿಡಿದು ಕೇಂಬ್ರಿಜ್ ಮತ್ತು ಸಫಕ್ ಸೀಮೆಯ ಇಗರ್ಜಿಗಳಿಗೆ ಹೋಗಿ ಚಿತ್ರಗಾಜುಗಳನ್ನು ಒಡೆಸಿದನು. ಎಲ್ಲೆಲ್ಲಿ ಏನೇನು ಒಡೆಸಿದೆನೆಂದು ದಿನಚರಿಯನ್ನೂ ಬರೆದಿಟ್ಟನು. ವಿಗ್ರಹಪೂಜೆ ಪಾಪವೆಂಬುದು ಅವನ ನಂಬಿಕೆ. ಆಮೇಲೆ ಇನ್ನೊಂದು ನೂರು ವರ್ಷ ಕಳೆದಾಗ ಅದೇ ಇಂಗ್ಲೆಂಡಿನ ಸಿರಿವಂತರಿಗೆ ಹಳೆಯ ಗಾಥಿಕ್ ಶೈಲಿಯ ಮೇಲೆ ಮೋಹ ಹುಟ್ಟಿತು. ಮುತ್ತಜ್ಜ ಒಡೆದುದನ್ನು ಮರಿಮಗ ಹಣ ಕೊಟ್ಟು ಹುಡುಕತೊಡಗಿದ.

ಈ ಹುಡುಕಾಟಕ್ಕೆ ಒದಗಿದವನು ಜಾನ್ ಕ್ರಿಸ್ಟೋಫರ್ ಹ್ಯಾಂಪ್. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನ ನಾರಿಚ್ ನಗರದಲ್ಲಿ ನೆಲೆಸಿದ್ದ ಬಟ್ಟೆ ವ್ಯಾಪಾರಿ. 1802ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವೆ ಅಮಿಯಾನ್ ಒಪ್ಪಂದವಾಗಿ ಸ್ವಲ್ಪ ಕಾಲ ಯುದ್ಧ ನಿಂತಿತು. ಆ ಬಿಡುವಿನಲ್ಲಿ ಹ್ಯಾಂಪ್ ಯುರೋಪಿಗೆ ಹೋಗಿ ಗಾಜು ಕೊಂಡು ಹಡಗಿಗೆ ಹೇರಿಸಿದನು. ನಾರಿಚ್ಚಿನ ಪತ್ರಿಕೆಯೊಂದರ ಒಡೆಯ ವಿಲಿಯಂ ಸ್ಟೀವನ್‌ಸನ್ ಅವನ ಪಾಲುದಾರ. 1804ರಲ್ಲಿ ನಾರಿಚ್ಚಿನಲ್ಲೂ ಲಂಡನ್ನಿನಲ್ಲೂ ಗಾಜುಗಳನ್ನು ಪ್ರದರ್ಶನಕ್ಕಿಟ್ಟು ಮಾರಿದರು. ಸ್ಟೈನ್‌ಫೆಲ್ಡಿನ ಗಾಜು ಇಂಗ್ಲೆಂಡಿಗೆ ಬಂದುದೂ ಈತನ ಕೈಯಿಂದಲೇ ಎಂದು ವಿದ್ವಾಂಸರು ತಿಳಿಯುತ್ತಾರೆ.

ಎಲ್ಲರೂ ಲಾಭಕ್ಕಾಗಿಯೇ ಕೊಂಡರೆಂದಲ್ಲ. ಅದೇ 1802ರಲ್ಲಿ ಸರ್ ಬ್ರೂಕ್ ಬೂತ್‌ಬಿ ಎಂಬವರು, ಇಂದು ಬೆಲ್ಜಿಯಂಗೆ ಸೇರಿರುವ ಹೆರ್ಕೆನ್‌ರೋಡೆ ಎಂಬ ಮಠದ ಗಾಜನ್ನು 200 ಪೌಂಡಿಗೆ ಕೊಂಡು, ಲಿಚ್‌ಫೀಲ್ಡ್ ಮಹಾಇಗರ್ಜಿಗೆ ಅಸಲು ಬೆಲೆಗೇ ಬಿಟ್ಟುಕೊಟ್ಟರು. ಇಂದಿಗೂ ಅದು ಅಲ್ಲೇ ಇದೆ. ಸ್ಟೈನ್‌ಫೆಲ್ಡಿನ ಗಾಜಿನ ಹಣೆಬರಹ ಬೇರೆಯಾಗಿತ್ತು.

ಆಶ್‌ರಿಜ್ ಅರಮನೆ

ಲಂಡನ್ನಿಂದ ವಾಯವ್ಯಕ್ಕೆ ಸುಮಾರು 30 ಮೈಲು ದೂರದಲ್ಲಿ, ಕಾಡಿನ ನಡುವೆ ಆಶ್‌ರಿಜ್ ಎಂಬ ದೊಡ್ಡ ಮನೆಯಿದೆ. ಇಂಗ್ಲೆಂಡಿನ ಪ್ರಭುಗಳು ಪಟ್ಟಣದ ಮನೆಯಲ್ಲದೆ ಹಳ್ಳಿಯಲ್ಲಿ ತಮ್ಮ ಭೂಮಿಯ ನಡುವೆ ಇಂಥ ಭಾರಿ ಮನೆಗಳನ್ನು ಕಟ್ಟಿಕೊಳ್ಳುತ್ತಿದ್ದರು. ನಮ್ಮ ಸೀಮೆಯ ಗುತ್ತು, ಬೀಡುಗಳನ್ನು ನೂರ್ಮಡಿ ಹಿಗ್ಗಿಸಿ ಊಹಿಸಿಕೊಳ್ಳಬಹುದು. ಬೀಡಿನಲ್ಲಿ ದೈವದ ಚಾವಡಿ ಇರುವಂತೆ ಅಲ್ಲಿ ಮನೆಯವರದೇ ಆದ ಪ್ರಾರ್ಥನಾ ಮಂದಿರ.

ಆಶ್‌ರಿಜ್‌ನ ವಿಶೇಷವೇನೆಂದರೆ ಆ ಜಾಗವೂ ಒಂದು ಕಾಲದಲ್ಲಿ ಮಠವೇ. 1283ರಲ್ಲಿ ಕಾರ್ನ್‌ವಾಲಿನ ಎಡ್ಮಂಡ್ ಪ್ರಭು ಅದನ್ನು ಸ್ಥಾಪಿಸಿದ್ದನು. 1539ರಲ್ಲಿ ಹೆನ್ರಿ ಅರಸನು ಮುಚ್ಚಿಸಿ, ತನ್ನ ಮಕ್ಕಳ ವಾಸಕ್ಕೆ ಬಳಸಿಕೊಂಡನು. ಮುಂದೆ ರಾಣಿಯಾದ ಒಂದನೆಯ ಎಲಿಜಬೆತ್‌ಳನ್ನು ರಾಜದ್ರೋಹದ ಸಂಶಯದ ಮೇಲೆ 1554ರಲ್ಲಿ ಹಿಡಿದೊಯ್ದದ್ದು ಇಲ್ಲಿಂದಲೇ. 1604ರಲ್ಲಿ ಅದು ಎಗರ್ಟನ್ ಮನೆತನದ ಕೈಗೆ ಬಂತು. ಇದೇ ಮನೆತನದ ಬ್ರಿಜ್‌ವಾಟರ್ ಡ್ಯೂಕ್, ತನ್ನ ಗಣಿಯ ಕಲ್ಲಿದ್ದಲನ್ನು ಮ್ಯಾಂಚೆಸ್ಟರ್ ನಗರಕ್ಕೆ ಸಾಗಿಸಲು ಕಾಲುವೆ ತೋಡಿಸಿ ಅಪಾರ ಹಣ ಗಳಿಸಿದವನು. ಅವನ ವಾರಸುದಾರನಾದ ಏಳನೆಯ ಬ್ರಿಜ್‌ವಾಟರ್ ಅರ್ಲ್ 1808ರಲ್ಲಿ ವಾಸ್ತುಶಿಲ್ಪಿ ಜೇಮ್ಸ್ ವಯಟ್ ಕೈಯಿಂದ ಹೊಸ ಗಾಥಿಕ್ ಅರಮನೆ ಕಟ್ಟಿಸತೊಡಗಿದನು. ವಯಟ್ 1813ರಲ್ಲಿ ಗಾಡಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಅವನ ಅಣ್ಣನ ಮಗ ಜೆಫ್ರಿ ಉಳಿದ ಕೆಲಸವನ್ನು ಮುಗಿಸಿದನು.

ಈ ಹೊಸ ಮನೆಯ ಪ್ರಾರ್ಥನಾ ಮಂದಿರದ ಕಿಟಕಿಗಳಿಗೆ, ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ, ಸ್ಟೈನ್‌ಫೆಲ್ಡ್ ಮತ್ತು ಮಾರಿಯಾವಾಲ್ಡ್ ಮಠಗಳ ಗಾಜನ್ನು ಕೂಡಿಸಿದರು. ತನ್ನ ಮಠವನ್ನು ಕಳೆದುಕೊಂಡ ಇಂಗ್ಲಿಷ್ ನೆಲಕ್ಕೆ, ತಮ್ಮ ನೆಲವನ್ನು ಕಳೆದುಕೊಂಡ ಜರ್ಮನ್ ಮಠಗಳ ಗಾಜು ಬಂದು ಸೇರಿತು.

ಚೆಲುವಾಗಿಯೇ ಇದ್ದಿರಬೇಕು. ಆದರೆ ಪೌಳಿಯ ತಗ್ಗು ಕಿಟಕಿಗೆಂದು ಮಾಡಿದ್ದು ಈಗ ಎತ್ತರದ ಕಿಟಕಿಯಲ್ಲಿ ಒಂದರ ಮೇಲೊಂದು ಕೂತಿತು. ಎರಡು ಮಠಗಳ ಗಾಜು ಒಂದೇ ಸೂರಿನಡಿ ಬೆರೆತುಹೋಯಿತು. ನಡೆಯುತ್ತ ಓದುತ್ತಿದ್ದ ಪುಸ್ತಕ, ಬೆಂಚಿನಲ್ಲಿ ಕೂತು ನೋಡುವ ಅಲಂಕಾರವಾಯಿತು. ಮನೆಯವರು ಪ್ರತಿ ಭಾನುವಾರ ಅದರ ಕೆಳಗೆ ಪ್ರಾರ್ಥಿಸಿದರು. ಬಂದ ನೆಂಟರು ತಲೆಯೆತ್ತಿ ನೋಡಿ ಮೆಚ್ಚಿದರು. ಆ ಗಾಜು ಯಾವ ಊರಿನದು, ಅದರ ಬುಡದಲ್ಲಿ ಬರೆದ ಹೆಸರುಗಳು ಯಾರವು ಎಂಬುದು ಹೊರಗಿನ ಲೋಕಕ್ಕೆ ತಿಳಿಯದೆಯೇ ಸುಮಾರು ಒಂದು ಶತಮಾನ ಕಳೆಯಿತು.

ದೆವ್ವದ ಕಥೆ ಮಾಡಿದ ಉಪಕಾರ

ಗಾಜಿಗೆ ಅದರ ಊರಿನ ಹೆಸರನ್ನು ಮತ್ತೆ ತಂದುಕೊಟ್ಟವರು ಎಂ. ಆರ್. ಜೇಮ್ಸ್. 1862ರಲ್ಲಿ ಹುಟ್ಟಿ 1936ರಲ್ಲಿ ತೀರಿಕೊಂಡ ಇವರು ಕೇಂಬ್ರಿಜ್‌ನ ದೊಡ್ಡ ವಿದ್ವಾಂಸರು. ಹಳೆಯ ಹಸ್ತಪ್ರತಿಗಳ ವಿವರವಾದ ಪಟ್ಟಿಗಳನ್ನು ಮಾಡುವುದರಲ್ಲೇ ಆಯುಸ್ಸು ಸವೆಸಿದವರು. ಜನಸಾಮಾನ್ಯರಿಗೆ ಮಾತ್ರ ಅವರು ದೆವ್ವದ ಕಥೆಗಳ ಕರ್ತೃ. ಕ್ರಿಸ್‌ಮಸ್ ಹೊತ್ತಿನಲ್ಲಿ ಗೆಳೆಯರಿಗೆ ತಮ್ಮ ಕಥೆಗಳನ್ನು ಓದಿ ಹೇಳುವ ಹವ್ಯಾಸ ಅವರದು.

1904ರ ಬೇಸಗೆಯಲ್ಲಿ ಅವರು ಬರೆದ ಒಂದು ಕಥೆಯ ಹೆಸರು 'ಮಠಾಧಿಪತಿ ಥಾಮಸನ ನಿಧಿ' ಎಂದು ಹೇಳಬಹುದು. ಅದರಲ್ಲಿ ಒಬ್ಬ ಪುರಾತತ್ತ್ವ ಪ್ರೇಮಿ ಪ್ರಭುವೊಬ್ಬರ ಮನೆಯ ಪ್ರಾರ್ಥನಾ ಮಂದಿರದಲ್ಲಿ ಸ್ಟೈನ್‌ಫೆಲ್ಡಿನಿಂದ ಬಂದ ಗಾಜನ್ನು ಕಾಣುತ್ತಾನೆ. ಯೋಬ, ಯೋಹಾನ, ಜೆಕರ್ಯ ಎಂಬ ಮೂವರ ಚಿತ್ರಗಳ ಬರಹದಲ್ಲಿ ನಿಧಿಯ ಗುಟ್ಟು ಅಡಗಿರುತ್ತದೆ. ಗುಟ್ಟು ಬಿಡಿಸಿಕೊಂಡು ಸ್ಟೈನ್‌ಫೆಲ್ಡಿಗೆ ಹೋಗಿ ಬಾವಿಗಿಳಿದು ಕೈ ಹಾಕಿದರೆ, ನಿಧಿಯ ಕಾವಲಿಗಿದ್ದದ್ದು ಅವನ ಕುತ್ತಿಗೆಗೆ ಕೈ ಹಾಕುತ್ತದೆ! ನಿಧಿ ಇದ್ದಲ್ಲಿ ಸರ್ಪ ಕಾಯುತ್ತದೆಂದು ಅಜ್ಜಿಯಿಂದ ಕೇಳಿ ಬೆಳೆದ ನಮಗೆ ಈ ಭಯ ಹೊಸದಲ್ಲ.

ನಿಧಿ, ಬಾವಿ, ಕಾವಲಿನ ಭೂತ ಎಲ್ಲವೂ ಕಲ್ಪನೆ. ಸ್ಟೈನ್‌ಫೆಲ್ಡ್ ನಿಜ, ಪ್ರಭುವಿನ ಮನೆಯ ಗಾಜೂ ನಿಜ. 1906ರಲ್ಲಿ ಜೇಮ್ಸ್ ಅವರು ಆಶ್‌ರಿಜ್‌ನ ಗಾಜುಗಳ ಬಗ್ಗೆ ಒಂದು ಚಿಕ್ಕ ಪುಸ್ತಕವನ್ನೇ ಹೊರತಂದರು. ಯಾವ ಕಿಟಕಿಯಲ್ಲಿ ಯಾವ ಚಿತ್ರ, ಏನು ಬರಹ ಎಂಬುದರ ವಿವರ ಅದರಲ್ಲಿದೆ. ತಮ್ಮ ಸೀಮೆಯ ಕಳೆದುಹೋದ ಗಾಜಿಗಾಗಿ ಹುಡುಕುತ್ತಿದ್ದ ಜರ್ಮನಿಯ ಪಾದ್ರಿಯೊಬ್ಬರಿಗೂ ದಾರಿ ಸಿಕ್ಕಿದ್ದು ಜೇಮ್ಸ್ ಅವರ ಮೂಲಕವೇ. ಬೇರೆಯವರು ಬಣ್ಣ ನೋಡಿ ಮುಂದೆ ಹೋದಲ್ಲಿ ಇವರು ನಿಂತು ಅಕ್ಷರ ಓದಿದರು. ವ್ಯತ್ಯಾಸ ಇಷ್ಟೇ.

ಇದು ಎಂಥ ಸಕಾಲದ ಕೆಲಸವಾಗಿತ್ತೆಂಬುದು ಬೇಗನೆ ಗೊತ್ತಾಯಿತು. ಆಶ್‌ರಿಜ್‌ನ ಒಡೆಯರಾಗಿದ್ದ ಬ್ರೌನ್‌ಲೋ ಅರ್ಲ್ 1921ರಲ್ಲಿ ತೀರಿಕೊಂಡರು. ಆಸ್ತಿ ಮಾರಾಟಕ್ಕೆ ಬಂತು. 1928ರಲ್ಲಿ ಪ್ರಾರ್ಥನಾ ಮಂದಿರದ ಗಾಜನ್ನು ಕಳಚಿ ಲಂಡನ್ನಿನಲ್ಲಿ ಹರಾಜಿಗಿಟ್ಟರು. ಮತ್ತೆ ಚೂರುಚೂರಾಗಿ ಹಲವರ ಪಾಲಾಗಿ ಹೋಗಬೇಕಾದ ಹೊತ್ತು. ಆಗ ಅದನ್ನು ಉಳಿಸಿದವರು ಅರ್ನೆಸ್ಟ್ ಕುಕ್. ಪ್ರವಾಸ ವ್ಯವಸ್ಥೆಯಲ್ಲಿ ಲೋಕಪ್ರಸಿದ್ಧನಾದ ಥಾಮಸ್ ಕುಕ್‌ನ ಮೊಮ್ಮಗ ಇವರು. ಆ ಗಾಜು ಇವರ ಕೊಡುಗೆಯಾಗಿ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂ ಸೇರಿತು. ಈಗ ಪ್ರತಿಯೊಂದರ ಪಕ್ಕದಲ್ಲೂ ಅದು ಹುಟ್ಟಿದ ಮಠದ ಹೆಸರಿದೆ.

ಹುಡುಗಿಯ ಎರಡನೆಯ ಪ್ರಶ್ನೆ

ಕಥೆ ಮುಗಿಯಿತೆಂದು ನಾನು ಪುಸ್ತಕ ಮುಚ್ಚುವಾಗ ಅದೇ ಹುಡುಗಿ ಎದ್ದು ನಿಂತಳು. "ಹಾಗಾದರೆ ಸರ್, ಆ ಗಾಜು ಈಗ ಯಾರದ್ದು?"

ಮೇಷ್ಟ್ರಾದವನು ಉತ್ತರವಿಲ್ಲದೆ ನಿಲ್ಲಬಾರದು. ಆದರೂ ನಿಂತೆ. ಕಾಗದಪತ್ರದ ಪ್ರಕಾರ ಮ್ಯೂಸಿಯಮ್ಮಿನದು, ಇದರಲ್ಲಿ ಸಂಶಯವಿಲ್ಲ. ಯಾರೂ ಕದ್ದುದಲ್ಲ. ಪ್ರತಿ ಸಲವೂ ಹಣ ಕೊಟ್ಟೇ ಕೊಂಡಿದ್ದಾರೆ. ಆದರೆ ಮೊದಲ ಸಲ ಮಾರಿದ ಕೈ, ಮಾಡಿಸಿದ ಕೈಯಾಗಿರಲಿಲ್ಲ. ಮಾಡಿಸಿದವರನ್ನು ಹೊರಗಟ್ಟಿದ ಮೇಲೆ ನಡೆದ ವ್ಯಾಪಾರವದು. ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ ವ್ಯಾಪಾರಿ ಕೊಳ್ಳದೆ ಇದ್ದಿದ್ದರೆ, ಯುದ್ಧಗಳ ಮೇಲೆ ಯುದ್ಧ ಕಂಡ ಆ ನೆಲದಲ್ಲಿ ಗಾಜು ಉಳಿಯುತ್ತಿತ್ತೆಂದು ಯಾರು ಎದೆತಟ್ಟಿ ಹೇಳಿಯಾರು? ಸೀಸಕ್ಕಾಗಿಯೇ ಒಡೆದು ಕರಗಿಸಿ ಮಾರಿದ ಗಾಜುಗಳ ಲೆಕ್ಕ ಇಟ್ಟವರಿಲ್ಲ.

ಮಾರಿಯಾವಾಲ್ಡಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಸನ್ಯಾಸಿಗಳು ಮತ್ತೆ ಬಂದು ನೆಲೆಸಿದ್ದರು. 2018ರಲ್ಲಿ ಆ ಮಠವೂ ಮುಚ್ಚಿತು. ಸ್ಟೈನ್‌ಫೆಲ್ಡಿನ ಕಟ್ಟಡಗಳು 1923ರಿಂದ ಸಾಲ್ವಟೋರಿಯನ್ ಎಂಬ ಬೇರೊಂದು ಸಂಘದ ಕೈಯಲ್ಲಿವೆ. ಆಶ್‌ರಿಜ್ ಅರಮನೆ 1929ರಲ್ಲಿ ಕಾಲೇಜಾಯಿತು. ಮಾಡಿಸಿದ ಮಠವಾಗಲಿ, ಕೊಂಡ ಮನೆತನವಾಗಲಿ ಮೊದಲಿನಂತೆ ಉಳಿಯಲಿಲ್ಲ. ಎಲ್ಲಕ್ಕಿಂತ ನಾಜೂಕಾದ ಗಾಜೇ ಅವುಗಳಿಗಿಂತ ಹೆಚ್ಚು ಬಾಳಿತು.

ಆದರೂ ಕಳೆದುದು ಕಳೆದುದೇ. ನಾಲ್ಕು ಸುತ್ತಿನ ಪೌಳಿಯಲ್ಲಿ ಬೆಳಗ್ಗೆ ಒಂದು ಬದಿ, ಸಂಜೆ ಇನ್ನೊಂದು ಬದಿ ಬೆಳಗಿಸುತ್ತ ಸೂರ್ಯನೇ ಪುಟ ಮಗುಚುತ್ತಿದ್ದ ಆ ಓದು ಮತ್ತೆ ಬಾರದು. ಆದರೆ ಯಾವುದು ಯಾವುದರ ಪಕ್ಕದಲ್ಲಿತ್ತೆಂದು ವಿದ್ವಾಂಸರು ಲೆಕ್ಕ ಹಾಕಬಲ್ಲರು. ಚಿತ್ರಗಳನ್ನು ದೇಶಾಂತರದವರೂ ಕೂತಲ್ಲಿಂದಲೇ ನೋಡುವಂತೆ ಮ್ಯೂಸಿಯಂ ಅಂತರ್ಜಾಲದಲ್ಲಿ ಇಟ್ಟಿದೆ. ಇದೆಲ್ಲ ಸಾಧ್ಯವಾದುದು ಒಬ್ಬರು ಸಕಾಲದಲ್ಲಿ ನಿಂತು ಅಕ್ಷರ ಓದಿ ಬರೆದಿಟ್ಟುದರಿಂದ.

ಇಷ್ಟನ್ನೂ ಆ ಹುಡುಗಿಗೆ ಹೇಳಿದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ಆಗದಿರುವುದೇ ಒಳ್ಳೆಯದೆಂದು ನನಗನಿಸುತ್ತದೆ. ಮರುವಾರ ಅವಳು ತನ್ನ ಮನೆಯ ಅಟ್ಟದಲ್ಲಿದ್ದ ಹಿತ್ತಾಳೆಯ ಹಳೆಯ ದೀಪವೊಂದನ್ನು ಕಾಗದದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟಳು. ಬುಡದಲ್ಲಿ ಸವೆದ ನಾಲ್ಕು ಅಕ್ಷರಗಳಿದ್ದವು. ಅಜ್ಜಿಯ ತವರಿನಿಂದ ಬಂದದ್ದಂತೆ. ಯಾವ ಊರೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲವಂತೆ. "ಅಜ್ಜಿಯ ಹತ್ತಿರ ಈಗಲೇ ಕೇಳಿ ಬರೆದಿಡು" ಎಂದೆ. ದೀಪವನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರೂ ಅಕ್ಷರ ಕೂಡಿಸಲು ಕುಳಿತೆವು.